ದಬ್ಬೆ ನೀರಿನ ಜಗಳ

ಚನ್ನಬಸಮ್ಮನಿಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಆ ವಾರ ಅದು ಕೈಕಾಲಿಗೂ ಇಳಿದಿತ್ತು. ಶನಿವಾರಸಂತೆಗೆ ಹೋಗುವ ರಸ್ತೆಯ ತಿರುವಿನಲ್ಲಿ ದಿಣ್ಣೆಯ ಬುಡದಿಂದ ಒಂದು ಒರತೆ ಹರಿಯುತ್ತದೆ. ಹಿಂದಿನವರು ಯಾರೋ ಅದಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಸಿಕ್ಕಿಸಿದ್ದರಿಂದ ಊರಿಗೆಲ್ಲ ಅದು ದಬ್ಬೆ ನೀರು. ಮನೆಯಲ್ಲಿ ನಲ್ಲಿಯಿದ್ದರೂ ಅದರ ಬ್ಲೀಚಿಂಗ್ ವಾಸನೆಯ ನೀರನ್ನು ಚನ್ನಬಸಮ್ಮ ಬಾಯಿಗೆ ಹಾಕಿದವಳಲ್ಲ. ಮದುವೆಯಾಗಿ ಬಂದಾಗಿನಿಂದ ಲಿಂಗಪೂಜೆಗೂ ಕುಡಿಯುವುದಕ್ಕೂ ಇದೇ ನೀರು. ಪೂಜೆಯ ನೀರೆಂದು ಅವಳ ಕೊಡಕ್ಕೆ ಎಲ್ಲರೂ ಮೊದಲ ಸರದಿ ಬಿಟ್ಟುಕೊಡುತ್ತಿದ್ದರು.

ಈಗ ಮಾರ್ಚ್ ತಿಂಗಳು. ಎರಡು ನಿಮಿಷಕ್ಕೆ ತುಂಬುತ್ತಿದ್ದ ಕೊಡ ಅರ್ಧ ಗಂಟೆ ಹಿಡಿಯುತ್ತಿತ್ತು. ಎಂಥ ಬಿರುಬೇಸಿಗೆಯಲ್ಲೂ ಹೀಗಾದದ್ದಿಲ್ಲ. ಯಾರದೋ ಕೈವಾಡ ಇರಲೇಬೇಕು ಎಂದು ಚನ್ನಬಸಮ್ಮ ತೀರ್ಮಾನಿಸಿದಳು. ಆ ಯಾರೋ ಸ್ಕೂಟರಿನಲ್ಲಿ ಆರು ಕ್ಯಾನು ಕಟ್ಟಿಕೊಂಡು ಬರುವ ಕುಸುಮಾ ಅಲ್ಲದೆ ಇನ್ಯಾರು? ನೆಲ್ಯಹುದಿಕೇರಿಯಿಂದ ಬಂದು ಜಂಕ್ಷನ್ನಿನಲ್ಲಿ ಇಡ್ಲಿ ಹೋಟೆಲು ಇಟ್ಟವಳು, ಹೊರಗಿನವಳು.

ಸೋಮವಾರ ಬೆಳಿಗ್ಗೆ ಸಾಲಿನಲ್ಲಿದ್ದ ಏಳೆಂಟು ಹೆಂಗಸರ ಎದುರು ಚನ್ನಬಸಮ್ಮ ಅವಳ ಕ್ಯಾನೊಂದನ್ನು ಚರಂಡಿಗೆ ಒದ್ದಳು.

"ಹೋಟ್ಲು ನಡ್ಸಕ್ಕೆ ಊರ ನೀರೇ ಬೇಕಾಯ್ತೇನೆ ನಿಂಗೆ? ಒರತೆ ಬತ್ತಿಸಿ ಹೋಗ್ಬೇಕು ಅಂತ ಬಂದಿದ್ದೀಯಾ? ಇನ್ನೊಂದ್ಸಲ ಈ ಕಡೆ ತಲೆ ಹಾಕಿ ನೋಡು!"

ಕುಸುಮಾಳ ಮುಖ ಕೆಂಪೇರಿತು. ಕ್ಯಾನು ಎತ್ತಿಕೊಂಡು ಹೋದಳು.

ಹೋದವಳು ಬುಧವಾರ ಮತ್ತೆ ಬಂದಳು. ಅವಳನ್ನು ಕಂಡದ್ದೇ ಚನ್ನಬಸಮ್ಮನ ಮೈಯೆಲ್ಲ ಉರಿದುಹೋಯಿತು. ಆದರೆ ಈ ಸಲ ಬಾಯಿ ತೆಗೆಯಲು ಕುಸುಮಾ ಬಿಡಲಿಲ್ಲ.

"ಅಮ್ಮ, ನಿನ್ನೆ ಇಡೀ ದಿನ ಕರೆಂಟ್ ಇರ್ಲಿಲ್ಲ. ಮಧ್ಯಾಹ್ನ ಬಂದು ನೋಡ್ತೇನೆ, ದಬ್ಬೆ ತುಂಬ ನೀರು. ಆರು ಕ್ಯಾನು ತುಂಬಿಸಿಕೊಂಡು ಹೋದೆ. ಇವತ್ತು ಕರೆಂಟ್ ಉಂಟು, ನೀರಿಲ್ಲ. ನನ್ನ ಕ್ಯಾನೇನು ಕರೆಂಟಲ್ಲಿ ಓಡ್ತದಾ?"

ದಿಣ್ಣೆಯ ಮೇಲಿನಿಂದ ಪೈಪಿನ ನೀರು ಕೆರೆಗೆ ಬೀಳುವ ಸದ್ದು ಎಲ್ಲರಿಗೂ ಕೇಳಿಸಿತು. ಆ ಕೆರೆ ಚನ್ನಬಸಮ್ಮನ ಮನೆಯದು. ಕಾಫಿ ಹೂವಿಗೆ ನೀರು ಹಾಯಿಸಲು ಮೂರು ವಾರದ ಹಿಂದೆ ಕೊರೆಸಿದ ಬೋರ್‌ವೆಲ್ಲೂ ಅವಳ ಮನೆಯದೇ. ಮುನ್ನೂರು ಅಡಿ ಆಳದ ನೀರಿಗೂ ದಬ್ಬೆ ನೀರಿಗೂ ಏನು ಸಂಬಂಧ ಎಂದುಕೊಂಡಿದ್ದಳು ಅವಳು. ಹೆಂಗಸರೆಲ್ಲ ತಲೆ ಎತ್ತಿ ದಿಣ್ಣೆ ನೋಡಿದರು, ಆಮೇಲೆ ಅವಳನ್ನು ನೋಡಿದರು.

ಕೊಡ ಅಲ್ಲೇ ಬಿಟ್ಟು ಅವಳು ದಿಣ್ಣೆ ಹತ್ತಿದಳು. ಗಂಡ ಚನ್ನಮಲ್ಲಪ್ಪ ಸ್ಪ್ರಿಂಕ್ಲರ್ ಪೈಪು ಜೋಡಿಸುತ್ತಿದ್ದ.

"ರೀ, ಮೋಟ್ರು ಆರ್ಸಿ. ದಬ್ಬೆ ನೀರು ಕುಡೀತಿರೋದು ನಮ್ ಬೋರು."

ಅವನು ಬಗ್ಗಿಸಿದ ತಲೆ ಎತ್ತಲಿಲ್ಲ. "ಗೊತ್ತು."

"ಗೊತ್ತಾ?"

"ಹೋದ್ ವಾರನೇ ಗೊತ್ತಾಯ್ತು. ಇನ್ ನಾಕು ದಿನ ತಡ್ಕೊ. ಕೆಳಗಿನ ತೋಟಕ್ಕೆ ಈಗ ನೀರು ಬೀಳ್ದಿದ್ರೆ ಮೊಗ್ಗು ಸುಟ್ಟೋಗ್ತದೆ. ಆಮೇಲೆ ವರ್ಷವೆಲ್ಲ ಏನ್ ತಿಂತೀಯ?"

"ಗೊತ್ತಿದ್ದೂ ನಾನು ಆ ಹುಡುಗೀನ ಬಯ್ದು ಬಂದಿದ್ದು ಕೇಳಿಸ್ಕೊಂಡು ಸುಮ್ನೆ ಕೂತಿದ್ರಾ?"

"ನೀರು ನೋಡೋ ಪದ್ಮಯ್ಯ ಅಂಗೈ ಮೇಲೆ ತೆಂಗಿನಕಾಯಿ ಇಟ್ಕಂಡು ಎರಡು ಜಾಗ ತೋರ್ಸಿದ್ದ. ದಬ್ಬೆ ಮೇಲ್ಗಡೆನೇ ಕೊರ್ಸಿ, ಅಲ್ಲಿ ನೀರಿರೋದು ಕಣ್ಣಿಗೇ ಕಾಣ್ತದಲ್ಲ ಅಂದೋಳು ಯಾರು? ನಾನಾ?"

ಅವಳೇ. ಹಾಗೆ ಅಂದಾಗ ತಾನು ಬಲು ಜಾಣೆ ಎಂದು ಬೀಗಿಯೂ ಇದ್ದಳು. ಗಂಡನ ಮೇಲಿನ ಸಿಟ್ಟು ತನ್ನ ಮೇಲೇ ತಿರುಗಿ, ಎರಡೂ ಸೇರಿ ಕಣ್ಣು ಕತ್ತಲಿಟ್ಟಂತಾಯಿತು. ಪಂಪ್‌ಹೌಸಿಗೆ ನುಗ್ಗಿ ಮೋಟಾರು ಆರಿಸಿದಳು. ಫ್ಯೂಸು ಮೂರನ್ನೂ ಕಿತ್ತು ಮಡಿಲಿಗೆ ಹಾಕಿಕೊಂಡಳು.

"ಲೇ, ಅರ್ಧ ತೋಟ ಹೋಯ್ತದೆ ಕಣೇ!"

"ಹೋಗ್ಲಿ. ಊರೋರ ಬಾಯಿ ಒಣಗ್ಸಿ ಹೂ ಬಿಡ್ಸೋದೇನೂ ಬ್ಯಾಡ."

ಹೇಳಿದ್ದೇನೋ ಗಟ್ಟಿಯಾಗಿಯೇ. ಕೆಳಗಿಳಿಯುವಾಗ ಮಾತ್ರ ನೀರು ಕಾಣದ ಗಿಡಗಳ ಮೊಗ್ಗಿನ ಮೇಲೆ ಕಣ್ಣು ಹಾಯಿಸಲಿಲ್ಲ.

ಮನೆಗೆ ಹೋಗದೆ ನೇರ ಜಂಕ್ಷನ್ನಿಗೆ ನಡೆದಳು. ಹೋಟೆಲಿನಲ್ಲಿ ಗಿರಾಕಿಗಳು ಯಾರೂ ಇರಲಿಲ್ಲ. ಕುಸುಮಾ ಇಡ್ಲಿ ತಟ್ಟೆ ತೊಳೆಯುತ್ತಿದ್ದಳು.

"ಮೋಟ್ರು ನಿಲ್ಸಿದೀನಿ. ನೀರು ಬರ್ತದೆ. ನಿನ್ ಕ್ಯಾನು ತುಂಬಿಸ್ಕೊ."

ಕುಸುಮಾ ಕೈ ಒರೆಸಿಕೊಂಡು ಅವಳ ಮುಖವನ್ನೇ ನೋಡಿದಳು. "ಬೈದದ್ದು ಎಲ್ಲರ ಎದುರು. ಇದನ್ನು ಹೇಳ್ಲಿಕ್ಕೆ ಮಾತ್ರ ಯಾರೂ ಇಲ್ಲದ ಹೊತ್ತು ನೋಡಿ ಬಂದ್ರಾ ಅಮ್ಮ?"

ಇಂಥ ಮಾತು ಚನ್ನಬಸಮ್ಮನಿಗೆ ಅತ್ತೆಯೂ ಆಡಿರಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕೆನ್ನಿಸಿತು. ಆದರೆ ಹುಡುಗಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಉರಿ ಹತ್ತಿದ್ದೇ ಅದಕ್ಕೆ.

"ನಾಳೆ ಆರು ಗಂಟೆಗೆ ಬಾ ಅಲ್ಲಿಗೆ," ಎಂದು ಜಗಳಕ್ಕೆ ಕರೆದವಳಂತೆ ಕೂಗಿದಳು. "ಎಲ್ರ ಎದುರೇ ಹೇಳ್ತೀನಿ. ತಪ್ಪು ನಂದೇ ಅಂತ ಹೇಳ್ತೀನಿ. ತಡ ಮಾಡಿ ಬಂದ್ಯೋ, ನೋಡು ಮತ್ತೆ!"