ಉಪ್ಪು ಹಾಕುವ ಮೊದಲು

ನಮ್ಮ ಮನೆಯಲ್ಲಿ ನಾಯಿಯ ಪಾಲನ್ನು ಉಪ್ಪು ಹಾಕುವ ಮೊದಲೇ ತೆಗೆದಿಡುವುದು ರೂಢಿ. ನಾನು ಮಾಡಿದ ರೂಢಿಯಲ್ಲ, ಅತ್ತೆಯ ಕಾಲದಿಂದ ಬಂದದ್ದು. ಉಪ್ಪು ಖಾರ ತಿಂದ ನಾಯಿಯ ರೋಮ ಉದುರುತ್ತದೆ ಎಂದು ಅವರು ಹೇಳುತ್ತಿದ್ದರು. ಕುಚ್ಚಲಕ್ಕಿ ಅರ್ಧ ಬೆಂದಾಗ ಅದೇ ಪಾತ್ರೆಗೆ ಮೀನಿನ ತಲೆ, ಒಂದು ಹೋಳು ಸಿಹಿಗುಂಬಳ, ಚಿಟಿಕೆ ಅರಿಶಿನ ಹಾಕುವುದು. ಎಲ್ಲ ಬೆಂದ ಮೇಲೆ ಮೊದಲ ಸೌಟು ಮೋತಿಯ ಅಲ್ಯುಮಿನಿಯಂ ತಟ್ಟೆಗೆ. ಅದು ಆರಿದ ಮೇಲೆ ಕೈಹಾಕಿ ಒಂದೊಂದೇ ಮುಳ್ಳು ಆರಿಸಬೇಕು. ಆಮೇಲೆ ಉಪ್ಪು, ಆಮೇಲೆ ಮಸಾಲೆ, ಆಮೇಲೆ ಮನುಷ್ಯರು.

ನನ್ನ ಗಂಡ ಮಂಗೇಶ ಕಾರವಾರದ ಒಂದು ಖಾನಾವಳಿಯಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿದವರು. ಬೆಳಗಿನ ಮೊದಲ ಬಸ್ಸಿಗೆ ನಮ್ಮೂರು ಅವರ್ಸಾದಿಂದ ಹೋದರೆ ಸಂಜೆ ಮೈತುಂಬ ಮೀನಿನ ವಾಸನೆ ಹೊತ್ತು ಬರುತ್ತಿದ್ದರು. ಅವರ ಕೈಯ ಬಂಗಡೆ ಸಾರಿಗೆ ಗೋವಾ ರಸ್ತೆಯ ಲಾರಿ ಡ್ರೈವರುಗಳು ಸದಾಶಿವಗಡದ ಹೋಟೆಲುಗಳನ್ನೆಲ್ಲ ದಾಟಿ, ಸೇತುವೆ ದಾಟಿ ಬರುತ್ತಿದ್ದರಂತೆ. ಅವರು ಅಡುಗೆಯ ರುಚಿ ನೋಡುತ್ತಿರಲಿಲ್ಲ. ದೊಡ್ಡ ಹಂಡೆಯ ಮೇಲೆ ಬಗ್ಗಿ ಒಮ್ಮೆ ಮೂಸಿ, ಮುಷ್ಟಿಯಲ್ಲಿ ಹರಳುಪ್ಪು ತೆಗೆದು ಎಸೆದರೆ ಮುಗಿಯಿತು. ಒಂದು ದಿನವೂ ಹೆಚ್ಚಾಗಿದ್ದಿಲ್ಲ, ಕಡಿಮೆಯಾಗಿದ್ದಿಲ್ಲ. ರುಚಿ ನೋಡಿ ಉಪ್ಪು ಹಾಕುವವರು ಅಡುಗೆಯವರೇ ಅಲ್ಲ ಎಂದು ನನ್ನೆದುರೇ ಹೇಳುತ್ತಿದ್ದರು. ನಾನು ರುಚಿ ನೋಡಿಯೇ ಹಾಕುವವಳು. ಈ ಮಾತು ನನಗೆ ಮೂವತ್ತು ವರ್ಷ ಚುಚ್ಚಿದೆ.

ಮೋತಿಯನ್ನು ತಂದದ್ದೂ ಅವರೇ. ಖಾನಾವಳಿಯ ಹಿತ್ತಿಲಲ್ಲಿ ಎಂಜಲೆಲೆ ನೆಕ್ಕಿಕೊಂಡಿದ್ದ ಮರಿಯನ್ನು ಒಂದು ಸಂಜೆ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು, ಕಂಡಕ್ಟರನ ಕಣ್ಣು ತಪ್ಪಿಸಿ ಬಸ್ಸಿನಲ್ಲಿ ತಂದಿದ್ದರು. ನಮ್ಮ ಮಗಳು ದೀಪಾಲಿ ಶಿರವಾಡಕ್ಕೆ ಮದುವೆಯಾಗಿ ಹೋದ ವರ್ಷ ಅದು. ಮನೆಯಲ್ಲಿ ಮತ್ತೆ ಒಂದು ಬಾಯಿ ಬೇಕಿತ್ತು ಎಂದಷ್ಟೇ ಹೇಳಿದರು.

ಎರಡು ಸಾವಿರದ ಐದರ ಮಳೆಗಾಲದಲ್ಲಿ ಅವರ ಕಾಲು ಊದಿತು. ಚಪ್ಪಲಿ ಹಿಡಿಸದಷ್ಟು ಊದಿತು. ನಾಲ್ಕು ಹೆಜ್ಜೆಗೆ ಉಸಿರು ಕಟ್ಟಲು ಶುರುವಾಯಿತು. ಕಾರವಾರದ ಡಾಕ್ಟರು ಎದೆಯ ಫೋಟೋ ತೆಗೆಸಿ, ಹೃದಯ ಸೋತಿದೆ, ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದರು. ಗುಳಿಗೆ ಬರೆದುಕೊಟ್ಟು ನನ್ನ ಕಡೆ ತಿರುಗಿ, "ಉಪ್ಪು ಪೂರ್ತಿ ಬಿಡಬೇಕು. ಒಣಮೀನು, ಹಪ್ಪಳ, ಉಪ್ಪಿನಕಾಯಿ ಯಾವುದೂ ಬೇಡ. ಗುಳಿಗೆ ಅರ್ಧ ಕೆಲಸ ಮಾಡ್ತದೆ. ಉಳಿದರ್ಧ ನಿಮ್ಮ ಅಡುಗೆಮನೆಯದು" ಎಂದರು. ನಾನು ಇಪ್ಪತ್ತೆರಡು ವರ್ಷ ಅಂಗನವಾಡಿ ನಡೆಸಿದವಳು. ಬರೆದುಕೊಟ್ಟದ್ದನ್ನು ಬರೆದಹಾಗೆ ಮಾಡುವುದು ನನಗೆ ರಕ್ತಗತ. ಅದು ನನ್ನ ಗುಣವೂ ಹೌದು, ಹಠವೂ ಹೌದು.

ಅವರು ಕೆಲಸ ಬಿಟ್ಟರು. ಗ್ಯಾಸ್ ಸಿಲಿಂಡರು ಹೇಳಿದ ದಿನ ಬರುತ್ತಿರಲಿಲ್ಲ, ಮಳೆಯಲ್ಲಿ ಕಟ್ಟಿಗೆ ಒದ್ದೆ. ಮೂರು ಪಾತ್ರೆಯಲ್ಲಿ ಮೂರು ಅಡುಗೆ ಮಾಡಿಕೊಂಡು ಕೂರುವ ಹಾಗಿರಲಿಲ್ಲ. ಉಪ್ಪು ಖಾರವಿಲ್ಲದ ಅಡುಗೆ ನಮ್ಮ ಮನೆಯಲ್ಲಿ ಹೇಗೂ ದಿನಾ ಬೇಯುತ್ತಿತ್ತಲ್ಲ, ಮೋತಿಗೆ. ಅದಕ್ಕೇ ಇನ್ನೊಂದು ಹಿಡಿ ಅಕ್ಕಿ ಹೆಚ್ಚು ಹಾಕಿದೆ. ಮೊದಲ ಸೌಟು ಮೋತಿಗೆ, ಎರಡನೆಯದು ಅವರಿಗೆ, ಉಳಿದದ್ದಕ್ಕೆ ಉಪ್ಪು ಮಸಾಲೆ ಹಾಕಿ ನನಗೆ. ಇದರಲ್ಲಿ ತಪ್ಪೇನಿದೆ ಎಂದು ನನಗೆ ಹೊಳೆಯಲೇ ಇಲ್ಲ. ಅವರು ಮುಖ ಸಿಂಡರಿಸಿಕೊಂಡು, ಬೈದುಕೊಂಡು ಉಣ್ಣುತ್ತಿದ್ದರು. ಉಣ್ಣುತ್ತಿದ್ದರು, ನನಗೆ ಅಷ್ಟು ಸಾಕಿತ್ತು. ದೀಪಾವಳಿಯ ಹೊತ್ತಿಗೆ ಚಪ್ಪಲಿ ಕಾಲಿಗೆ ಹಿಡಿಸಿತು.

ಮನೆಬಾಗಿಲಿಗೆ ಮೀನು ತರುವ ಹೊನ್ನು ದಿನವೂ ಬುಟ್ಟಿಯ ಮೂಲೆಯಲ್ಲಿ ಮೋತಿಗೆಂದು ನಾಲ್ಕು ಮೀನಿನ ತಲೆ, ಸೀಳಿಹೋದ ತಾರ್ಲೆ ಮೀನು ಎತ್ತಿಟ್ಟಿರುತ್ತಿದ್ದಳು. ಒಂದು ಬೆಳಿಗ್ಗೆ ಇವರು ಜಗುಲಿಯಲ್ಲಿ ಉಣ್ಣುತ್ತ ಕುಳಿತಿದ್ದಾಗ ಬಂದಳು. ಅವಳಿಗೆ ಯಾವ ಕೆಟ್ಟ ಬುದ್ಧಿಯೂ ಇರಲಿಲ್ಲ, ನಾನೇ ಎಂದೋ ಹೇಳಿದ್ದನ್ನು ನಗುತ್ತಲೇ ಹೇಳಿದಳು.

"ಅಕ್ಕೋರೆ, ಇವತ್ತು ತಲೆ ಜಾಸ್ತಿ ತಂದಿದ್ದೆ. ಈಗ ಮಂಗೇಶಣ್ಣಂದೂ ಮೋತಿದೂ ಒಂದೇ ಅಡುಗೆ ಅಲ್ದಾ?"

ಅವರ ಕೈ ತಟ್ಟೆಯಲ್ಲೇ ನಿಂತಿತು. ನನ್ನ ಮುಖ ನೋಡಿದರು. ಸುಳ್ಳು ಹೇಳಲು ನನಗೆ ಬರಲಿಲ್ಲ.

"ಹೌದನೆ?" ಎಂದು ಕೇಳಿದರು.

"ಪಾತ್ರೆ ಒಂದೇ. ಅದ್ಕೆ ಎಂತಾಯ್ತು?"

ಅವರು ತಟ್ಟೆ ಎಸೆಯಲಿಲ್ಲ. ಎಸೆದಿದ್ದರೆ ನನಗೆ ಜಗಳವಾಡಲು ಸುಲಭವಾಗುತ್ತಿತ್ತು. ಎದ್ದು ಹಿತ್ತಿಲ ಮೆಟ್ಟಿಲಿಗೆ ಹೋಗಿ, ಉಳಿದ ಅನ್ನವನ್ನೆಲ್ಲ ಮೋತಿಯ ತಟ್ಟೆಗೆ ಸುರಿದರು. "ಮೂವತ್ತೊಂದು ವರ್ಷ ಊರಿಗೆಲ್ಲ ಬಡಿಸಿದವ ನಾನು. ನಾಯಿ ಪಾಲು ನಾಯಿಗೇ ಇರ್ಲಿ" ಎಂದರು. ಹೊನ್ನು ಬುಟ್ಟಿ ಹೊತ್ತು ಮೆಲ್ಲಗೆ ಹೋದಳು.

ನನಗೆ ಆಗ ಅವರ ಸಿಟ್ಟಷ್ಟೇ ಕಂಡಿತು. ಖಾನಾವಳಿಯಲ್ಲಿ ನಾಯಿಯ ಪಾಲೆಂದರೆ ಎಲ್ಲರೂ ಉಂಡು ಎದ್ದ ಮೇಲೆ ಉಳಿದ ಎಂಜಲು. ಅವರ ಕಣ್ಣಿಗೆ ತಟ್ಟೆಯಲ್ಲಿ ಬಿದ್ದದ್ದು ಅದೇ. ನಮ್ಮ ಮನೆಯಲ್ಲಿ ಮೋತಿಯದು ಕೊನೆಯ ಪಾಲಲ್ಲ, ಮೊದಲ ಪಾಲು ಎಂದು ಕೂತು ವಿವರಿಸಬಹುದಿತ್ತು. ನಾನೂ ಸಿಟ್ಟು ಮಾಡಿಕೊಂಡು ಪಾತ್ರೆ ತಿಕ್ಕುತ್ತ ನಿಂತೆ.

ಮರುದಿನದಿಂದ ಅವರು ಮನೆಯಲ್ಲಿ ಉಣ್ಣಲಿಲ್ಲ. ಹೆದ್ದಾರಿಯ ಬದಿಯ ಹೋಟೆಲಿಗೆ ನಡೆದುಹೋಗಿ ಮೀನೂಟ ಉಂಡು, ಉಪ್ಪಿನಕಾಯಿ ನೆಕ್ಕಿ ಬರುತ್ತಿದ್ದರು. ಮೋತಿ ಅವರ ಹಿಂದೆಯೇ ಹೋಗಿ ಹಿಂದೆಯೇ ಬರುತ್ತಿತ್ತು. ಒಂಬತ್ತನೆಯ ದಿನ ಹಿಂದಿರುಗುವಾಗ ಮೋರಿಯ ಕಟ್ಟೆಯ ಮೇಲೆ ಕುಳಿತವರಿಗೆ ಏಳಲಾಗಲಿಲ್ಲ. ಮೋತಿ ಮನೆಗೆ ಓಡಿಬಂದು ನನ್ನ ಸೀರೆ ಕಚ್ಚಿ ಎಳೆಯಿತು. ರಿಕ್ಷಾ ಮಾಡಿ ಕಾರವಾರಕ್ಕೆ ಕರೆದೊಯ್ದೆ. ಐದು ದಿನ ಆಸ್ಪತ್ರೆ. ಹೊರಡುವಾಗ ಡಾಕ್ಟರು ನನ್ನನ್ನು ಬದಿಗೆ ಕರೆದು, ಇನ್ನೊಮ್ಮೆ ಹೀಗಾದರೆ ಮನೆಗೆ ಮರಳುವುದಿಲ್ಲ ಎಂದರು.

ಮನೆಗೆ ಬಂದರೂ ಅವರು ನನ್ನ ಅಡುಗೆ ಮುಟ್ಟಲಿಲ್ಲ. ಹಾಲು, ಬಾಳೆಹಣ್ಣು, ಎರಡು ಬಿಸ್ಕಿಟು. ಮಗಳು ಬಂದು ಅತ್ತು ಹೋದಳು. ನಾನು ಅಳಲಿಲ್ಲ. ನೋಡಿಯೇ ಬಿಡೋಣ ಎಂದು ಅಂದಿನಿಂದ ನನ್ನ ಪಾಲಿಗೂ ಉಪ್ಪು ಹಾಕುವುದನ್ನು ನಿಲ್ಲಿಸಿದೆ. ಇದನ್ನು ಪ್ರೀತಿಯಿಂದ ಮಾಡಿದೆ ಎಂದು ಆಮೇಲೆ ಎಲ್ಲರೂ ಹೊಗಳಿದರು. ಪ್ರೀತಿ ಗೀತಿ ಏನಿಲ್ಲ, ಹಠದಿಂದ ಮಾಡಿದೆ. ನಾಯಿಯ ಅಡುಗೆ ಮನುಷ್ಯರು ಉಣ್ಣಬಹುದೆಂದು ತೋರಿಸಬೇಕಿತ್ತು. ಮೊದಲ ವಾರ ಒಂದೊಂದು ತುತ್ತಿಗೂ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಅವರು ಏನು ಉಣ್ಣುತ್ತಿದ್ದರೆಂದು ಆಗ ತಿಳಿಯಿತು. ತಿಳಿದಾಗ ನಾಚಿಕೆಯಾಯಿತು.

ನಾನು ಅವರಿಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಅಡುಗೆಯವರ ಕಣ್ಣು ಅದು. ಒಂದು ದಿನ ನೀರು ಕುಡಿಯಲು ಒಳಗೆ ಬಂದವರು ಉಪ್ಪಿನ ಭರಣಿಯ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದರು. ಸಾಣಿಕಟ್ಟೆಯ ಹರಳುಪ್ಪು ಕಂಠದವರೆಗೆ ಹಾಗೇ ಇತ್ತು. ಮೇಲ್ಪದರ ಕಡಲಗಾಳಿಗೆ ಗಟ್ಟಿಯಾಗಿತ್ತು.

"ಇದಕ್ಕೆ ಕೈ ಹಾಕ್ದೇ ಎಷ್ಟು ದಿವ್ಸ ಆಯ್ತೆ?" ಎಂದು ಕೇಳಿದರು.

"ನೀವು ಆಸ್ಪತ್ರೆಯಿಂದ ಬಂದಾಗಿಂದ."

"ನಿಂಗೆ ಎಂತ ಕಾಯ್ಲೆ?"

"ಎಂತದೂ ಇಲ್ಲ. ಮೋತಿ ಉಂಬುದು ನಂಗೂ ಸಾಕು."

ಭರಣಿ ಮುಚ್ಚಿ ಹೊರಗೆ ಹೋದರು. ಮೋತಿಯ ಪಕ್ಕ ಮೆಟ್ಟಿಲ ಮೇಲೆ ಕುಳಿತವರು ಸಂಜೆಯವರೆಗೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಒಲೆ ಹಚ್ಚುವಾಗ ಅವರು ಸ್ನಾನ ಮುಗಿಸಿ ಅಡುಗೆಮನೆಗೆ ಬಂದರು. ಮದುವೆಯಾದಂದಿನಿಂದ ಮನೆಯ ಒಲೆ ಮುಟ್ಟಿದವರಲ್ಲ, ಹೊರಗೆ ಮಾಡುವುದೇ ಸಾಕು ಎನ್ನುತ್ತಿದ್ದರು. "ಆಚೆ ಸರ್ಕೊ" ಎಂದರು. ಸರಿದೆ.

ಅನ್ನ ಮೀನು ಬೆಂದೊಡನೆ ಮೊದಲ ಸೌಟು ಮೋತಿಗೆ ತೆಗೆದು, ತಾವೇ ಮುಳ್ಳು ಆರಿಸಿದರು. ಉಳಿದದ್ದಕ್ಕೆ ಕೆಂಡದಲ್ಲಿ ಸುಟ್ಟ ಕಾಯಿ ಅರೆದು ಹಾಕಿದರು. ನಾಲಿಗೆ ಜುಮ್ಮೆನ್ನಿಸುವ ನಾಲ್ಕು ಜುಮ್ಮನಕಾಯಿ ಜಜ್ಜಿದರು, ಶುಂಠಿ ಹೆರೆದರು. ಹುಳಿಗೆಂದು ಹಾಕುವ ಅಂಗಡಿಯ ಮುರುಗಲ ಸಿಪ್ಪೆಯನ್ನು ನಾಲಿಗೆಗೆ ಮುಟ್ಟಿಸಿ, "ಇದಕ್ಕೆ ಉಪ್ಪು ಸವರಿ ಒಣಗಿಸ್ತ್ರು" ಎಂದು ಪಕ್ಕಕ್ಕಿಟ್ಟು, ನೆರೆಮನೆಯ ಬೊಮ್ಮಿಯಿಂದ ಬರಿಯ ಬಿಸಿಲಲ್ಲಿ ಒಣಗಿದ ಸಿಪ್ಪೆ ತರಿಸಿದರು. ಮುಚ್ಚಿದ ಪಾತ್ರೆಯಿಂದ ವಾಸನೆ ಎದ್ದಿತು. ಆಗ ಅವರು ಒಂದು ಚಮಚ ತೆಗೆದು, ಊದಿ, ಬಾಯಿಗೆ ಹಾಕಿಕೊಂಡರು.

ನನ್ನ ಗಂಡ ರುಚಿ ನೋಡಿದ್ದನ್ನು ನಾನು ಮೊದಲ ಬಾರಿ ಕಂಡದ್ದು ಅಂದು.

"ಎಂತ ನೋಡ್ತೆ?" ಎಂದರು. "ಉಪ್ಪಿದ್ರೆ ಮೂಸಿದ್ರೆ ಸಾಕಿತ್ತು. ಇಲ್ದಿದ್ರೆ ನಂಗೂ ಗೊತ್ತಾಗೂದಿಲ್ಲ." ಇನ್ನೊಂದು ಚಮಚ ನನ್ನ ಕಡೆ ಹಿಡಿದು, "ನೀನೂ ನೋಡು" ಎಂದರು. ಹುಳಿ ಮುಂದಿತ್ತು. ಹೇಳಿದೆ. ಒಂದು ಸಿಪ್ಪೆ ಎತ್ತಿ ಹೊರಗಿಟ್ಟರು.

ಅಂದಿನಿಂದ ಒಂದೂವರೆ ವರ್ಷ ನಮ್ಮ ಮನೆಯಲ್ಲಿ ಒಂದೇ ಪಾತ್ರೆ, ಮೂರು ತಟ್ಟೆ. ಮೀನಿಲ್ಲದ ದಿನ ಹರಿವೆ ಸೊಪ್ಪು, ಇಲ್ಲವೆ ಮೊಟ್ಟೆ. ಕೆಲವು ದಿನ ಬಾಯಿಗಿಡಲಾಗದಷ್ಟು ಕೆಡುತ್ತಿತ್ತು, ಕೆಲವು ದಿನ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದೆವು. ಹೊನ್ನು ಮತ್ತೆ ಬಂದಾಗ ಅವರೇ ಕರೆದು, "ತಲೆ ಜಾಸ್ತಿನೇ ಹಾಕು ಮಾರಾಯ್ತಿ. ಮೋತಿದು ಮೊದಲ ಪಾಲು, ನಮ್ದು ಅದರ ಹಿಂದೆ" ಎಂದರು. ಅವಳ ಕಣ್ಣು ತುಂಬಿತು. ಆ ಒಂದೂವರೆ ವರ್ಷ ನಾವು ಗಂಡಹೆಂಡತಿ ಆಡಿದಷ್ಟು ಮಾತು ಅದಕ್ಕೆ ಮೊದಲು ಆಡಿರಲಿಲ್ಲ. ಬಹಳಷ್ಟು ಮಾತು ಹುಳಿ ಸಾಲದು, ಶುಂಠಿ ಹೆಚ್ಚಾಯಿತು ಎಂಬುದೇ. ಆದರೂ ಅದು ಸುಖದ ಕಾಲ, ನಾನು ಸುಖವಾಗಿದ್ದೆ.

ಎರಡು ಸಾವಿರದ ಏಳರ ಆಷಾಢದಲ್ಲಿ ಅವರು ಹಾಸಿಗೆ ಹಿಡಿದರು. ಹೃದಯ ಎಷ್ಟು ದಿನ ತಡೆದೀತು. ಗಂಜಿಯ ತಿಳಿ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ನಾನು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದೆ. ಮೋತಿ ಮಂಚದ ಕೆಳಗಿತ್ತು. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ನೀಲಾ, ಒಂದು ಹರಳು ಉಪ್ಪು ಕೊಡೆ. ನಾಲಿಗೆ ಮೇಲೆ ಇಟ್ಕಂತೆ, ಅಷ್ಟೆ."

"ಡಾಕ್ಟ್ರು ಬೇಡ ಹೇಳಿದ್ರಲ್ಲ."

"ಒಂದೇ ಒಂದು."

"ಸೋಮವಾರ ಕಾರವಾರಕ್ಕೆ ಹೋಗೂದದ್ಯಲ್ಲ, ಕೇಳ್ಕಂಡು ಕೊಡ್ತೆ."

"ಹಾಂ" ಎಂದರು. ನನ್ನ ಕೈ ಬಿಟ್ಟರು. ಸಿಟ್ಟು ಮಾಡಲಿಲ್ಲ, ಉಳಿದ ಗಂಜಿಯನ್ನು ನಾನು ಕೊಟ್ಟಷ್ಟೂ ಕುಡಿದರು.

ಸೋಮವಾರ ಬರಲಿಲ್ಲ. ಭಾನುವಾರ ಬೆಳಿಗ್ಗೆ ಹೋದರು.

ಒಂದು ಹರಳು ಉಪ್ಪು ಅವರನ್ನು ಒಂದು ದಿನ ಮೊದಲು ಕೊಲ್ಲುತ್ತಿತ್ತೆ? ಇಲ್ಲ ಎಂದು ಈಗ ನನಗೂ ಗೊತ್ತು, ಆಗಲೂ ಒಳಗೊಳಗೆ ಗೊತ್ತಿತ್ತು. ಕಾಗದದಲ್ಲಿ ಬರೆದದ್ದನ್ನು ಮೀರುವ ಧೈರ್ಯ ಸಾಲಲಿಲ್ಲ. ಎಂಥ ಹೆಂಗಸು ನಾನು.

ಹನ್ನೆರಡನೆಯ ದಿನ ಹೋದವರಿಗೆ ಎಡೆ ಇಡಬೇಕು, ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಯಲ್ಲಿ ಬಡಿಸಿ. ನಂಟರೆಲ್ಲ ಸೇರಿದ್ದರು. ಅವರ ಅಕ್ಕ ಬಂಗಡೆ ತರಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತು, "ತಮ್ಮ ಎರಡು ವರ್ಷ ಸಪ್ಪೆ ತಿಂದೇ ಸತ್ತ. ಇವತ್ತಾದ್ರೂ ಉಪ್ಪು ಹಾಕಿ ಮಾಡು" ಎಂದರು. ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು.

ನಾನು ಸಾರು ಮಾಡಿದೆ. ಮೊದಲ ಸೌಟು ಮೋತಿಗೆ ತೆಗೆದೆ. ಮುಳ್ಳು ಆರಿಸಿದೆ. ಸುಟ್ಟ ಕಾಯಿ, ಜುಮ್ಮನಕಾಯಿ, ಬೊಮ್ಮಿಯ ಮುರುಗಲು, ಎಲ್ಲ ಹಾಕಿದೆ. ಭರಣಿ ತೆರೆದೆ. ಗಟ್ಟಿಯಾದ ಪದರವನ್ನು ಸಟ್ಟುಗದ ತುದಿಯಿಂದ ಒಡೆದು ಮುಷ್ಟಿ ತುಂಬಿಕೊಂಡೆ. ಎಷ್ಟು ಹಾಕಬೇಕೆಂದು ನನಗೆ ತಿಳಿಯಲಿಲ್ಲ. ಮೂಸಿ ನೋಡಿದೆ. ರುಚಿ ನೋಡೋಣವೆಂದರೆ ಎಡೆಯ ಅಡುಗೆಗೆ ಬಾಯಿ ತಾಗಿಸುವ ಹಾಗಿಲ್ಲ. ಅಳತೆ ಹೇಳಬೇಕಾದವರಿಗೇ ಬಡಿಸಲು ಹೊರಟಿದ್ದೆ.

ಸಾರಿಗೆ ಉಪ್ಪು ಹಾಕಲಿಲ್ಲ. ಎಲೆ ಹಾಸಿ, ಅನ್ನ ಬಡಿಸಿ, ಸಾರು ಬಡಿಸಿದೆ. ಮುಷ್ಟಿಯಲ್ಲಿದ್ದ ಉಪ್ಪನ್ನಷ್ಟೂ ಎಲೆಯ ತುದಿಯಲ್ಲಿ ಸುರಿದೆ. ಉಪ್ಪೇ ಒಂದು ಪದಾರ್ಥದಷ್ಟಾಯಿತು. ನೋಡುತ್ತ ನಿಂತಿದ್ದ ದೀಪಾಲಿ ನನ್ನ ತೋಳು ಮುಟ್ಟಿದಳು.

"ಆಯಿ, ಇಷ್ಟು ಉಪ್ಪು ಎಂತಕ್ಕೆ?"

"ಇರ್ಲಿ ಮಗಾ," ಎಂದೆ. "ಎಷ್ಟು ಬೇಕೋ ಅವರೇ ಹಾಕ್ಕಣ್ಲಿ."