ಮಹಡಿ ಮೇಲಿನ ಅಂಗಡಿಯ ಬೆಲೆ

"ಹಿಂದುಗಡೆ ತಿರುಗಿಸಪ್ಪ, ಒಂದ್ಸಲ ನೋಡ್ತೀನಿ," ಎಂದು ಅಧ್ಯಕ್ಷೆ ಹೇಳಿದಾಗ ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ.

"ಹಿಂದೆ ಏನಿದೆ ಅಮ್ಮಾ? ಬರೀ ತೂತು, ವೈರು."

"ಹಸು ಮಾರೋರೂ ಹಂಗೇ ಅಂತಾರೆ, ಕೊಂಬು ತೋರಿಸ್ತಾರೆ. ನಾನು ಹಿಂದೆ ಹೋಗಿ ಕೆಚ್ಚಲು ಮುಟ್ಟಿ ನೋಡಿದ ಮೇಲೇ ಬೆಲೆ ಕೇಳೋದು."

ಅಂಗಡಿಯವನು ಕಪ್ಪು ಕಂಪ್ಯೂಟರನ್ನು ತಿರುಗಿಸಿದ. ಅವಳು ಬಗ್ಗಿ ಆ ತೂತುಗಳನ್ನೆಲ್ಲ ನಿಧಾನವಾಗಿ ನೋಡಿದಳು. ಏನೂ ಅರ್ಥವಾಗಲಿಲ್ಲ. ಆದರೂ ಅರ್ಥವಾದವಳ ಹಾಗೆ ತಲೆಯಾಡಿಸಿ, ಬೆಲೆಯನ್ನೂ ಒಳಗೇನೇನಿದೆ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆಸಿಕೊಂಡಳು.

ಕಂಪ್ಯೂಟರು ಬೇಕಾಗಿದ್ದದ್ದು ಊರಿನ ಹಾಲಿನ ಸಂಘಕ್ಕೆ. ಅವಳು ಸಂಘದ ಅಧ್ಯಕ್ಷೆ. ಚೀಲವನ್ನು ಎದೆಗವಚಿಕೊಂಡು ಪಕ್ಕದಲ್ಲಿ ನಿಂತಿದ್ದವನು ಸಂಘದ ಗುಮಾಸ್ತ. ಅವಳ ಗಂಡನ ತಮ್ಮ. ಅವಳು ಮದುವೆಯಾಗಿ ಆ ಮನೆಗೆ ಬಂದಾಗ ಇವನಿನ್ನೂ ಶಾಲೆಗೆ ಹೋಗುತ್ತಿದ್ದ. ಈಗ ಅವನ ಕಿವಿಯ ಹತ್ತಿರದ ಕೂದಲೂ ಬೆಳ್ಳಗಾಗಿತ್ತು.

ಹೋದ ಸಭೆಯಲ್ಲಿ ಒಬ್ಬ ಸದಸ್ಯ ಎದ್ದು ನಿಂತು, "ಮಿಷನ್ ಹೊಸದು ಬಂದ್ರೆ ಸಾಕಾ? ನಡೆಸೋನೂ ಹೊಸಬ ಬೇಡ್ವಾ?" ಎಂದಿದ್ದ. ಯಾವತ್ತೂ ಬಾಯಿ ಬಿಡದ ಗುಮಾಸ್ತ ಥಟ್ಟನೆ "ನಂಗೆ ಬರುತ್ತೆ" ಎಂದುಬಿಟ್ಟಿದ್ದ. ಕೊಳ್ಳಲು ಇವರಿಬ್ಬರೇ ಹೋಗುವುದೆಂದು ತೀರ್ಮಾನವಾದಾಗ ಹಿಂದಿನ ಸಾಲಿನಿಂದ ಯಾರೋ, "ಅತ್ತಿಗೆ ಮೈದುನ ಕೂಡಿ ಹೋಗ್ತಾರಂತೆ. ಕೆನೆ ಯಾರಿಗೆ ಅಂತ ಕೇಳ್ಬೇಕಾ?" ಎಂದರು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ಒಂದು ರೂಪಾಯಿ ಆಚೀಚೆಯಾದರೂ ತನ್ನ ಮರ್ಯಾದೆ ಹೋಗುತ್ತದೆ, ಇವನ ಕೆಲಸವೂ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಬೀದಿಗೆ ಇಳಿದ ಮೇಲೆ ಗುಮಾಸ್ತ ಮೆಲ್ಲಗೆ ಹೇಳಿದ: "ಇನ್ನೊಂದು ಅಂಗಡಿ ಇದೆ ಅತ್ತಿಗೆ. ಬೇರೆ ಕಂಪನಿದು. ಅದು ಒಳ್ಳೇದಂತೆ."

"ಯಾರು ಹೇಳಿದ್ರು?"

"ಹಂಗೇ... ಕೇಳಿದೀನಿ."

ಯಾರನ್ನೂ ದಾರಿ ಕೇಳದೆ ಅವನು ಮುಂದೆ ನಡೆದ. ಬ್ಯಾಂಕಿನ ಪಕ್ಕದ ಸಂದಿಯಲ್ಲಿ, ಬೋರ್ಡೂ ಸರಿಯಾಗಿ ಕಾಣದ ಜಾಗದಲ್ಲಿ ಕಿರಿದಾದ ಮೆಟ್ಟಿಲು. ಹಲ್ಲುನೋವೆಂದು ಅವನು ವಾರವಾರ ಪೇಟೆಯ ಡಾಕ್ಟರ ಹತ್ತಿರ ಬರುತ್ತಿದ್ದ. ಓಡಾಡಿ ಗೊತ್ತಿರಬಹುದು ಎಂದುಕೊಂಡಳು. ಅಷ್ಟರಲ್ಲಿ ಕತ್ತಲ ತಿರುವಿನಲ್ಲಿ ಅವಳ ಹಣೆಗೆ ತೊಲೆಯೊಂದು ಬಡಿಯಿತು. ಅವನು ಆಗಲೇ ತಲೆ ಬಗ್ಗಿಸಿ ದಾಟಿಯಾಗಿತ್ತು.

ಹಣೆ ಉಜ್ಜಿಕೊಳ್ಳುತ್ತ ಅವಳು ಅಲ್ಲೇ ಒಂದು ಗಳಿಗೆ ನಿಂತಳು. ನೋವಿಗಲ್ಲ. ಕತ್ತಲಲ್ಲಿ ತೊಲೆ ಇರುವುದು ಅವನಿಗೆ ಹೇಗೆ ಗೊತ್ತಾಯಿತು?

ಮೇಲೆ ಮೇಜಿನ ಹಿಂದಿದ್ದ ಹುಡುಗಿ ಎದ್ದು, "ಬನ್ನಿ ಸಾರ್" ಎಂದು ಅವನಿಗೆ ಕುರ್ಚಿ ಎಳೆದಳು. ಹಿಂದೆ ಬಂದವಳನ್ನು ಕಂಡು ಕುರ್ಚಿಯ ಮೇಲಿನ ಕೈ ಹಾಗೇ ನಿಂತಿತು.

"ಇವ್ರು ನಮ್ಮ ಅತ್ತಿಗೆ. ಸಂಘದ ಅಧ್ಯಕ್ಷರು," ಎಂದ ಗುಮಾಸ್ತ.

ಇಲ್ಲಿಯ ಕಂಪ್ಯೂಟರು ಬಿಳಿಯದು. ಹುಡುಗಿ ಹೇಳಿದ ಬೆಲೆ ಕಪ್ಪಿನದಕ್ಕಿಂತ ಆರು ಸಾವಿರ ಹೆಚ್ಚು. ಅಧ್ಯಕ್ಷೆ ಚೀಟಿಯನ್ನು ಮೇಜಿನ ಮೇಲೆ ಹರಡಿ ಒಂದೊಂದನ್ನೇ ಕೇಳುತ್ತ ಹೋದಳು. ಪರದೆ ಅಷ್ಟೇ ಅಗಲ, ಒಳಗಿನ ಸಾಮಾನೂ ಅದೇ, ಗ್ಯಾರಂಟಿಯೂ ಅಷ್ಟೇ.

"ಮತ್ತೆ ಆರು ಸಾವಿರ ಯಾತಕ್ಕಮ್ಮ?"

"ಕಂಪನಿ ಬೇರೆ ಅಲ್ವಾ ಅಮ್ಮಾ. ಹೆಸರಿದೆ."

"ಹೆಸರು ಕರೆದ್ರೆ ಹಾಲು ಬರುತ್ತಾ?"

ಹುಡುಗಿ ನಕ್ಕಳು. ಗುಮಾಸ್ತ ನಗಲಿಲ್ಲ. "ಇದನ್ನೇ ತಗೊಳ್ಳೋಣ ಅತ್ತಿಗೆ," ಎಂದ. ಮುಗಿದ ಪೆನ್ನಿನ ಕಡ್ಡಿಯನ್ನೂ ಎಸೆಯದೆ ಡಬ್ಬಿಯಲ್ಲಿ ಇಡುವ ಮನುಷ್ಯ. ಯಾವ ವ್ಯಾಪಾರದಲ್ಲೂ ಹೆಚ್ಚು ಬೆಲೆಯ ಪರವಾಗಿ ಅವನು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

"ತಲೆ ಯಾಕೋ ಧಿಂ ಅಂತಿದೆ. ಕೆಳಗೆ ಹೋಗಿ ಚಹಾ ತಗೊಂಡು ಬಾ," ಎಂದಳು.

ಅವನ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ಅಡಗಿದ ಮೇಲೆ ಅವಳು ಮೇಜಿನ ಮೇಲೆ ಬಾಗಿದಳು. "ನಿಜ ಹೇಳು ಮಗಳೇ. ಈ ಆರು ಸಾವಿರದಲ್ಲಿ ಅವನ ಪಾಲೆಷ್ಟು?"

ಹುಡುಗಿಯ ಮುಖ ಕೆಂಪಾಯಿತು. "ಅಯ್ಯೋ, ನಾವೆಲ್ಲಿ ಕೊಡ್ತೀವಿ? ಅವ್ರೇ ನಮಗೆ ಕೊಡ್ತಾರೆ! ವಾರವಾರ ಬಂದು ಆ ಮೂಲೆ ಕಂಪ್ಯೂಟರ್ ಮುಂದೆ ಕೂತು ಕಲೀತಾರೆ. ಗಂಟೆಗಿಷ್ಟು ಅಂತ ಬಾಡಿಗೆ. ಮನೇಲಿ ಹೇಳಿಲ್ವಾ?"

ಅಧ್ಯಕ್ಷೆ ಮೂಲೆಯ ಕಡೆ ನೋಡಿದಳು. ಗೋಡೆಗೆ ಮುಖ ಮಾಡಿಕೊಂಡು ಕೂರುವ ಜಾಗ ಅದು. ಒಳಗೆ ಬಂದವರಿಗೆ ಬೆನ್ನು ಮಾತ್ರ ಕಾಣಬೇಕು.

ಗುಮಾಸ್ತ ಎರಡು ಲೋಟ ಹಿಡಿದು ಬಂದ. ಇಬ್ಬರ ಮುಖ ನೋಡಿ ಬಾಗಿಲಲ್ಲೇ ನಿಂತ.

"ಹಲ್ಲು ಹೆಂಗಿದೆ?" ಎಂದಳು ಅವಳು.

"ಹಲ್ಲು... ಚೆನ್ನಾಗೇ ಇದೆ ಅತ್ತಿಗೆ."

"ನಾನು ಪಾಪ ಅಂತ ವಾರವಾರ ಗಂಜಿ ಕಾಸಿ ಕೊಟ್ಟಿದ್ದೇ ಕೊಟ್ಟಿದ್ದು. ನೀನೂ ಸುಮ್ನೆ ಕುಡ್ದೆಯಲ್ಲೋ!"

ಅವನು ಲೋಟಗಳನ್ನು ಮೇಜಿನ ಮೇಲಿಟ್ಟ. "ಬರುತ್ತೆ ಅಂತ ಸಭೇಲಿ ಹೇಳ್ಬಿಟ್ಟಿದ್ದೆ. ಕಲೀಲೇಬೇಕಿತ್ತಲ್ಲ."

"ಕಲಿ, ಬೇಡ ಅಂದೋರ್ಯಾರು? ಅದಕ್ಕೆ ಸಂಘದ ಆರು ಸಾವಿರ ಯಾಕೆ ಸುರೀಬೇಕು?"

"ಈ ಕಂಪನಿದು ಈಗೀಗ ಒಂಚೂರು ಕೈಗೆ ಹತ್ತಿದೆ. ಬೇರೆ ಕಂಪನಿದಾದ್ರೆ ಮತ್ತೆ ಮೊದಲಿಂದ ಕಲೀಬೇಕು. ನಂಗಿನ್ನು ಆಗಲ್ಲ ಅತ್ತಿಗೆ. ಅಷ್ಟರೊಳಗೆ ನನ್ನ ಕುರ್ಚೀಲಿ ಇನ್ಯಾರೋ ಕೂತಿರ್ತಾರೆ."

"ಬೇರೆ ಕಂಪನಿದಾದ್ರೆ ಬೇರೆ ಥರ ಇರುತ್ತೆ ಅಂತ ಯಾರು ಹೇಳಿದ್ದು?"

ಗುಮಾಸ್ತ ಹುಡುಗಿಯ ಕಡೆ ನೋಡಿದ. ಅವಳು ಮೇಜಿನ ಸೆಳೆಖಾನೆ ಎಳೆದು ಏನನ್ನೋ ಹುಡುಕತೊಡಗಿದಳು.

"ನಾವೇನೂ ಹಂಗೆ ಹೇಳಿಲ್ಲ. ಅವ್ರೇ ಅಂದ್ಕೊಂಡ್ರು."

"ಅಲ್ಲ ಅಂತಲೂ ಹೇಳ್ಲಿಲ್ಲ," ಎಂದಳು ಅಧ್ಯಕ್ಷೆ.

ಅಧ್ಯಕ್ಷೆ ಚೀಟಿ ಮಡಚಿಕೊಂಡು ಎದ್ದಳು. ಚಹಾ ಅಲ್ಲೇ ಉಳಿಯಿತು.

ಬೀದಿಯಲ್ಲಿ ಮೊದಲಿನ ಅಂಗಡಿಯತ್ತ ನಡೆಯುವಾಗ ಅವಳ ಧೈರ್ಯವೂ ಕುಗ್ಗುತ್ತ ಬಂತು. ಇವನು ಹೇಳಿದ್ದೇ ನಿಜವಾಗಿದ್ದರೆ? ಹುಡುಗಿಯ ಮುಖ ನೋಡಿ ತಾನು ಊಹಿಸಿದ್ದು ಅಷ್ಟೆ, ಕಂಪ್ಯೂಟರಿನ ವಿಷಯ ತನಗಾದರೂ ಏನು ಗೊತ್ತು?

"ಕೂತು ನೋಡು," ಎಂದಳು ಕಪ್ಪು ಕಂಪ್ಯೂಟರನ್ನು ತೋರಿಸಿ.

"ಬೇಡ ಅತ್ತಿಗೆ. ಎಲ್ಲರೂ ನೋಡ್ತಾರೆ."

ಅವಳು ಅವನ ಹೆಗಲು ಹಿಡಿದು ಕುರ್ಚಿಗೆ ಒತ್ತಿದಳು. ಆಮೇಲೆ ಅವನಿಗೆ ಬೆನ್ನು ಮಾಡಿ, ಅಂಗಡಿಯವನಿಗೂ ಅವನಿಗೂ ನಡುವೆ ಅಗಲವಾಗಿ ನಿಂತಳು.

"ಈ ವೈರಿನ ಬೆಲೆಯೂ ಅದರಲ್ಲೇ ಸೇರಿದೆಯೇನಪ್ಪ?"

"ಸೇರಿದೆ ಅಮ್ಮಾ."

"ಆಮೇಲೆ ಬೇರೆ ಕೇಳಲ್ವಲ್ಲ? ಮೇಲೆ ಇಟ್ಟಿದ್ದೀಯಲ್ಲ, ಆ ಪೆಟ್ಟಿಗೆ?"

ಬೆನ್ನ ಹಿಂದೆ ಸದ್ದೇ ಇರಲಿಲ್ಲ. ಅಂಗಡಿಯವನು ಇಣುಕಲು ನೋಡಿದ. ಅವಳು ಅದೇ ಬದಿಗೆ ವಾಲಿ ಪೆಟ್ಟಿಗೆಯನ್ನು ಕೆಳಗಿಳಿಸಲು ಹೇಳಿದಳು. ಅವನು ಏಣಿ ತಂದ, ಹತ್ತಿದ, ಇಳಿಸಿದ, ಧೂಳು ಒರೆಸಿದ. ಆಗ ಹಿಂದಿನಿಂದ ಟಕ್ ಎಂದು ಒಂದು ಸದ್ದು. ಬಹಳ ಹೊತ್ತಿನ ಮೇಲೆ ಇನ್ನೊಂದು. ಆಮೇಲೆ ಎರಡು, ಒಂದರ ಹಿಂದೆ ಒಂದು.

"ಅತ್ತಿಗೆ, ಇದೂ ಹಂಗೇ ಇದೆ," ಎಂದ ಗುಮಾಸ್ತ, ಉಸಿರಿನಷ್ಟು ಸಣ್ಣ ದನಿಯಲ್ಲಿ.

ಅವಳು ತಿರುಗಲಿಲ್ಲ. ಕಪಾಟಿನ ತುದಿಯಲ್ಲಿ ಹೆಸರೇ ಗೊತ್ತಿಲ್ಲದ ಇನ್ನೊಂದು ವಸ್ತುವಿನ ಕಡೆ ಬೆರಳು ಮಾಡಿ, ಅದರ ಬೆಲೆ ಎಷ್ಟೆಂದು ಕೇಳಿದಳು.