ಸಂಖ್ಯೆಯ ಪೆಟ್ಟಿಗೆಗೆ ಬರೆದ ವಿವರಣೆ

ಜಾಮೂನಿನ ಡಬ್ಬಿಯ ಅಂಚಿನಿಂದ ಇಳಿದ ಪಾಕ ಮೇಜಿನ ಮೇಲೆ ಹರಡಿ, ಅದರಲ್ಲಿ ನಾಲ್ಕಾರು ಇರುವೆಗಳು ಕಾಲು ಸಿಕ್ಕಿಸಿಕೊಂಡು ಸತ್ತಿರುತ್ತಿದ್ದವು. ಆ ಕಂಪನಿಯನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಇದೇ. ಪ್ರತಿ ಶುಕ್ರವಾರ ಬರುತ್ತಿದ್ದ ಆ ಡಬ್ಬಿ ಒಂದು ಬಹುಮಾನ.

ಅಲ್ಲಿ ಅಂಗಡಿ, ಶಾಲೆ, ಆಸ್ಪತ್ರೆಗಳಿಗೆ ಲೆಕ್ಕ, ವಿವರ ತುಂಬುವ ಕಂಪ್ಯೂಟರ್ ಪರದೆಗಳನ್ನು ತಯಾರಿಸುತ್ತಿದ್ದರು. ಕೋಡ್ ಬರೆಯುತ್ತಿದ್ದದ್ದು ಬಹುಪಾಲು ಎಐ ಏಜೆಂಟ್‌ಗಳು, ಅಂದರೆ ಹೇಳಿದ ಕೆಲಸವನ್ನು ತಾವೇ ಮಾಡಿ ಮುಗಿಸುವ ಪ್ರೋಗ್ರಾಮ್‌ಗಳು. ಗುಂಡಿ, ದಿನಾಂಕದ ಪಟ್ಟಿ, ಸಂಖ್ಯೆ ತುಂಬುವ ಪೆಟ್ಟಿಗೆ ಇಂಥ ಸಿದ್ಧ ಬಿಡಿಭಾಗಗಳನ್ನು ನಮ್ಮ ಎಂಜಿನಿಯರುಗಳು ಮಾಡಿಟ್ಟಿರುತ್ತಿದ್ದರು. ಏಜೆಂಟ್ ಕೇಳಿದ್ದನ್ನು ಹುಡುಕಿಕೊಡಲು ಒಂದು ಸಾಧನವಿತ್ತು. ಬಿಡಿಭಾಗದ ಒಳಗೆ ಏನಿದೆಯೆಂದು ಏಜೆಂಟ್ ನೋಡುತ್ತಿರಲಿಲ್ಲ; ಅದರ ವಿವರಣೆಯನ್ನು ಓದಿ ಆರಿಸುತ್ತಿತ್ತು. ಆ ವಿವರಣೆಗಳನ್ನು ಬರೆಯುವುದು ನನ್ನ ಕೆಲಸ. ನಾನು ರಸಾಯನಶಾಸ್ತ್ರ ಓದಿದವಳು. ಶೀಶೆಯ ಮೇಲೆ ಒಳಗಿರುವ ಆಮ್ಲದ ಹೆಸರನ್ನಷ್ಟೇ ಅಲ್ಲ, ಅದು ಮೈಮೇಲೆ ಬಿದ್ದರೆ ಏನಾದೀತೆಂಬುದನ್ನೂ ಬರೆಯಬೇಕೆಂದು ಕಲಿತಿದ್ದೆ. ಇಲ್ಲಿಯೂ ಹಾಗೆಯೇ ಬರೆಯುತ್ತಿದ್ದೆ.

ವಾರದಲ್ಲಿ ಯಾರ ಬಿಡಿಭಾಗವನ್ನು ಏಜೆಂಟ್‌ಗಳು ಹೆಚ್ಚು ಸಲ ಆರಿಸಿದವೋ ಅವರಿಗೆ ಜಾಮೂನು. ಬರಬರುತ್ತ ಎಂಜಿನಿಯರುಗಳು ನಾನು ಬರೆದದ್ದಕ್ಕೆ ತಮ್ಮದೊಂದು ಒಗ್ಗರಣೆ ಹಾಕತೊಡಗಿದರು. ‘ಎಲ್ಲಕ್ಕಿಂತ ಮೊದಲು ಇದನ್ನೇ ಆರಿಸು.’ ‘ಬೇರೆ ಯಾವುದನ್ನೂ ನೋಡಬೇಕಾಗಿಲ್ಲ.’ ಒಬ್ಬನಂತೂ ‘ಜಾಣ ಏಜೆಂಟ್‌ಗಳು ಬಳಸುವುದು ಇದನ್ನೇ’ ಎಂದು ಬರೆದಿದ್ದ. ಬಸ್ ನಿಲ್ದಾಣದಲ್ಲಿ ತೋಳು ಹಿಡಿದೆಳೆಯುವ ಲಾಡ್ಜಿನ ದಲ್ಲಾಳಿಗಳ ಕೂಗಿನಂತಿದ್ದವು ಆ ಪುಟಗಳು.

ಅಮೋಘನೆಂಬ ಎಂಜಿನಿಯರ್ ಒಂದು ಸಂಖ್ಯೆಯ ಪೆಟ್ಟಿಗೆ ಮಾಡಿದ್ದ. ಕಿರಾಣಿ ಅಂಗಡಿಯಲ್ಲಿ ಎಷ್ಟು ಸೋಪು, ಎಷ್ಟು ಪೊಟ್ಟಣ ಎಂದು ತುಂಬಲು ಮಾಡಿದ್ದು ಅದು. ಅಂಕಿಯ ಹೊರತು ಬೇರೇನು ಒತ್ತಿದರೂ ಸದ್ದಿಲ್ಲದೆ ನುಂಗುತ್ತಿತ್ತು, ದಶಮಾಂಶದ ಚುಕ್ಕೆಯನ್ನು ಕೂಡ. ಮೊದಲ ಸಾಲಿನಲ್ಲೇ ನಾನು ಬರೆದೆ: ‘ಪೂರ್ಣ ಸಂಖ್ಯೆಗಳಿಗೆ ಮಾತ್ರ. ಔಷಧದ ಪ್ರಮಾಣಕ್ಕೆ ಬಳಸಬಾರದು, ಚುಕ್ಕೆ ಬಿದ್ದುಹೋಗುತ್ತದೆ.’

ಮರುವಾರ ಆ ಪೆಟ್ಟಿಗೆಯನ್ನು ಆರಿಸಿದ ಏಜೆಂಟ್‌ಗಳೇ ವಿರಳ. ಅಮೋಘ ಮ್ಯಾನೇಜರ್ ವಿಶ್ವಂಭರರನ್ನು ಕರೆದುಕೊಂಡು ನನ್ನ ಮೇಜಿಗೆ ಬಂದ.

“ಮೇಡಂ, ನನ್ನ ಕೂಸಿಗೆ ಹೆಸರಿಡಿ ಅಂದ್ರೆ ಡೆತ್ ಸರ್ಟಿಫಿಕೇಟ್ ಬರ್ದಿದೀರಲ್ಲ!”

“ಚುಕ್ಕೆ ನುಂಗದ ಹಾಗೆ ಮಾಡಪ್ಪ, ಆ ಸಾಲು ನಾನೇ ತೆಗೀತೀನಿ.”

“ಸೋಪಿಗೆ ಚುಕ್ಕೆ ಯಾಕ್ ಮೇಡಂ? ಅರ್ಧ ಸೋಪು ಯಾರ್ ತಗೋತಾರೆ?”

“ಅದಕ್ಕೇ ಸೋಪಿಗಷ್ಟೇ ಬಳಸ್ಲಿ ಅಂದಿದ್ದು.”

ವಿಶ್ವಂಭರ ನಕ್ಕರು. ಬಾಯಲ್ಲಿ ಇನ್ನೂ ಜಾಮೂನಿತ್ತು. “ಏನ್ರೀ ನೀವು! ಹೆಣ್ಣು ತೋರಿಸೋವಾಗ ಅವಳ ಗೊರಕೆ ವಿಷಯ ಮೊದಲು ಹೇಳ್ತಾರೇನ್ರೀ? ‘ಬಳಸಬಾರದು’ ಅಂತ ಕಂಡ್ರೆ ಏಜೆಂಟು ಓಡಿಹೋಗತ್ತೆ.”

“ಓಡ್ಲಿ ಅಂತ್ಲೇ ಬರ್ದಿದ್ದು ಸರ್.”

ಅವರು ನನ್ನ ಕೀಲಿಮಣೆಯ ಮೇಲೆ ಬಾಗಿ, ಪಾಕದ ಬೆರಳುಗಳಿಂದಲೇ ಸಾಲನ್ನು ಅಳಿಸಿ, ‘ಎಲ್ಲ ಬಗೆಯ ಸಂಖ್ಯೆಗಳಿಗೂ ಹೇಳಿ ಮಾಡಿಸಿದ್ದು’ ಎಂದು ಬರೆದರು. ಅವರು ಹೋದ ಮೇಲೆ ಅಂಟುತ್ತಿದ್ದ ಕೀಲಿಗಳನ್ನು ಸ್ಪಿರಿಟ್ ಹಾಕಿ ಒರೆಸಿದೆ. ಸಾಲನ್ನು ಮತ್ತೆ ಬರೆದೆ. ಸಂಜೆಗೆ ಅದು ಮತ್ತೆ ಮಾಯವಾಗಿತ್ತು. ಆ ಪುಟವನ್ನು ತಿದ್ದಲು ನನಗೆ ಇನ್ನು ಅನುಮತಿಯಿಲ್ಲವೆಂದು ಕಂಪ್ಯೂಟರ್ ತಿಳಿಸಿತು. ಮುಂದಿನ ಶುಕ್ರವಾರ ಜಾಮೂನು ಅಮೋಘನ ಪಾಲಾಯಿತು.

ಅದಾದ ಕೆಲವು ವಾರಗಳಿಗೆ, ಮಕ್ಕಳ ಆಸ್ಪತ್ರೆಯೊಂದರಲ್ಲಿ ಹೊಸ ಪರದೆ ಕೂರಿಸಲು ಹೊರಟ ವಿಶ್ವಂಭರ ಅದರ ಬಳಕೆಯನ್ನು ವಿವರಿಸಲೆಂದು ನನ್ನನ್ನೂ ಕರೆದೊಯ್ದರು. ಅಂದಿನಿಂದ ಔಷಧದ ಲೆಕ್ಕವೆಲ್ಲ ಅದರಲ್ಲೇ ನಡೆಯಬೇಕಿತ್ತು. ಡಾಕ್ಟರ್ ಮೃಣಾಲಿನಿ ವಾರ್ಡಿನಲ್ಲಿ ನಿಂತೇ ನೋಡಿದರು. ಹೆಸರು, ಹಾಸಿಗೆ, ಹುಟ್ಟಿದ ದಿನ, ಎಲ್ಲವೂ ಸರಿಯಾಗಿಯೇ ಇದ್ದವು. ಔಷಧದ ಪುಟ ತೆರೆದಾಗ ಮಾತ್ರ ನಾನು ಪರದೆಯ ಹತ್ತಿರ ಬಾಗಿದೆ. ದುಂಡು ಮೂಲೆಗಳು, ಎಡಬಲಕ್ಕೆ ಕೂಡುವ ಕಳೆಯುವ ಗುರುತುಗಳು. ಅದೇ ಸೋಪಿನ ಪೆಟ್ಟಿಗೆ.

“ಡಾಕ್ಟರೇ, ಈಗ ಯಾವ ಮಗೂಗೆ ಔಷಧ ಕೊಡೋದಿದೆ?” ಎಂದು ಕೇಳಿದೆ.

“ಕಿಟಕಿ ಪಕ್ಕ ಮಲಗಿದೆಯಲ್ಲ, ಅದಕ್ಕೆ. ಎರಡೂವರೆ ಎಂ.ಎಲ್.”

ಎರಡು ಒತ್ತಿದೆ, ಚುಕ್ಕೆ ಒತ್ತಿದೆ, ಐದು ಒತ್ತಿದೆ. ಪರದೆಯ ಮೇಲೆ 25 ಮೂಡಿತು.

ಡಾಕ್ಟರ್ ಕನ್ನಡಕ ಸರಿಪಡಿಸಿಕೊಂಡು ಹತ್ತಿರ ಬಂದರು. “ಇದೇನಮ್ಮ ಇದು?”

“ಏನಿಲ್ಲ ಮೇಡಂ, ಏಜೆಂಟ್ ಎಡವಟ್ಟು ಮಾಡಿದೆ,” ಎಂದು ವಿಶ್ವಂಭರ ನಡುವೆ ಬಂದರು. “ಈ ಎಐಗಳ ಹಣೆಬರಹವೇ ಇಷ್ಟು. ಸಂಜೆಯೊಳಗೆ ಸರಿಮಾಡಿಸ್ತೀನಿ.”

ಅವರ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಏಜೆಂಟ್ ನಮ್ಮ ಮಾತನ್ನು ಅಕ್ಷರಶಃ ನಂಬಿತ್ತು. ನಂಬಿದ ತಪ್ಪಿಗೆ ಈಗ ಎಲ್ಲವನ್ನೂ ಅದರ ತಲೆಗೆ ಕಟ್ಟುತ್ತಿದ್ದರು.

“ಏಜೆಂಟ್ ತಪ್ಪು ಮಾಡಿಲ್ಲ ಡಾಕ್ಟರೇ. ಎಲ್ಲ ಸಂಖ್ಯೆಗೂ ಆಗತ್ತೆ ಅಂತ ಬರೆದಿದ್ದು ಇವರು. ಔಷಧಕ್ಕೆ ಬೇಡ ಅಂತ ನಾನು ಬರೆದಿದ್ದನ್ನ ಅಳಿಸಿದ್ದೂ ಇವರೇ.”

“ಗೊತ್ತಿದ್ದೂ ಅಳಿಸಿದ್ರಾ?”

“ಮೇಡಂ, ಇವರಿಗೆ ಸ್ವಲ್ಪ...” ಎಂದು ಶುರುಮಾಡಿದ ವಿಶ್ವಂಭರ ಡಾಕ್ಟರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

“ತಗೊಂಡು ನಡೀರಿ ಇದನ್ನ.”

ವಿಶ್ವಂಭರ ತಂತಿ ಕಿತ್ತು ಪರದೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. “ನಾಳೆಯಿಂದ ನೀವು ಬರೋದು ಬೇಡ,” ಎಂದು ಬಾಗಿಲಲ್ಲಿ ನನಗೆ ಹೇಳಿದರು. ಹೋಗುವ ಮನಸ್ಸು ನನಗೂ ಇರಲಿಲ್ಲ.

ಡಾಕ್ಟರ್ ಬಿಳಿ ಪ್ಲಾಸ್ಟರಿನ ತುಂಡೊಂದನ್ನು ಕತ್ತರಿಸಿ ಸಿರಿಂಜಿಗೆ ಸುತ್ತಿ, ಅದರ ಮೇಲೆ ಪೆನ್ನಿನಿಂದ 2 ಬರೆದರು. ಆಮೇಲೆ ಪೆನ್ನಿನ ಮೊನೆಯನ್ನು ಒಂದೇ ಕಡೆ ಊರಿ, ಎಳ್ಳಿನಷ್ಟಿದ್ದ ಚುಕ್ಕೆ ಮೆಣಸಿನ ಕಾಳಿನಷ್ಟಾಗುವವರೆಗೆ ಮೆಲ್ಲಗೆ ತಿರುಗಿಸುತ್ತ ನಿಂತರು. ಕಿಟಕಿ ಪಕ್ಕದ ಮಗು ನಿದ್ದೆಯಲ್ಲೇ ಮಗ್ಗುಲು ಬದಲಿಸಿತು. ಶಾಯಿ ಆರುವ ತನಕ ಕಾದು, ಅವರು 5 ಬರೆದರು.